ಮುರುಗಲು ಅಂತ ಬರೆದರೆ ಬೆಂಗಳೂರಿಗೆ ಕಾಣುತ್ತದೆಯೇ? ವೆಬ್ ಪುಟದ ತಲೆಬರಹದಲ್ಲಿ ಕೀವರ್ಡ್ ಬಳಸುವ ಬಗೆ

ನಮ್ಮ ತೋಟದ ಅಂಚಿನಲ್ಲಿ ಹತ್ತಾರು ಮುರುಗಲು ಮರಗಳಿವೆ. ಏಪ್ರಿಲ್ ಕೊನೆಗೆ ಹಣ್ಣು ಕೆಂಪಾಗಲು ಶುರು, ಮೇ ಪೂರ್ತಿ ಕೊಯ್ಲು. ಜೂನ್‌ನಲ್ಲಿ ಮಳೆ ಹಿಡಿಯಿತೋ, ಅಂಗಳದಲ್ಲಿ ಹರವಿದ ಸಿಪ್ಪೆಗೆ ಬೂಷ್ಟು ಬಂತೆಂದೇ ಲೆಕ್ಕ. ಹಾಗಾಗಿ ನಮ್ಮ ಕಡೆ ಬಹಳ ಜನ ಮಳೆಗೆ ಮೊದಲು ಯಾರು ಬಂದರೆ ಅವರಿಗೆ, ಅವರು ಹೇಳಿದ ರೇಟಿಗೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ.

ನಾನು ಹಾಗೆ ಮಾಡಬಾರದು ಅಂತ ಒಂದು ವೆಬ್‌ಸೈಟ್ ಮಾಡಿದೆ. ಮೂರು ರಾತ್ರಿ ಫೋನಿನಲ್ಲೇ ಕೂತು ಫೋಟೋ ಹಾಕಿ, ಬಣ್ಣ ಹೊಂದಿಸಿ, ಮೇಲೆ ದೊಡ್ಡದಾಗಿ ಬರೆದೆ: ‘ಪ್ರಕೃತಿಯ ಮಡಿಲಿಂದ ನಿಮ್ಮ ಮನೆ ಬಾಗಿಲಿಗೆ’. ಅದರ ಕೆಳಗೆ ‘ಸಹ್ಯಾದ್ರಿಯ ಕೆಂಪು ಮಾಣಿಕ್ಯ’. ವಾಟ್ಸಾಪ್ ಗ್ರೂಪಿನಲ್ಲಿ ಲಿಂಕ್ ಹಾಕಿದ್ದಕ್ಕೆ ಹೃದಯ, ಚಪ್ಪಾಳೆ ಎಲ್ಲಾ ಬಂತು. ಆರ್ಡರ್ ಮಾತ್ರ ಬರಲಿಲ್ಲ. ಆ ವರ್ಷದ ಸಿಪ್ಪೆ ಕೊನೆಗೆ ವ್ಯಾಪಾರಿಯ ಗಾಡಿಯನ್ನೇ ಹತ್ತಿತು.

ಮಳೆಗಾಲದಲ್ಲಿ ಒಂದು ಮದುವೆಮನೆಯಲ್ಲಿ ಬೆಂಗಳೂರಿನ ದೂರದ ಸಂಬಂಧಿಕರೊಬ್ಬರು ಸಿಕ್ಕರು. ಮಾತಿನ ನಡುವೆ, ‘ನಾವು ಆನ್‌ಲೈನ್‌ನಲ್ಲಿ ಕೋಕಂ ತರಿಸ್ತೀವಪ್ಪ, ಸಿಕ್ಕಾಪಟ್ಟೆ ರೇಟು. ನಿಮ್ಮಲ್ಲೂ ಇದೆಯಾ? ಗೊತ್ತೇ ಇರಲಿಲ್ಲ’ ಅಂದರು. ಅವತ್ತು ರಾತ್ರಿ ನನ್ನ ಪುಟವನ್ನು ಮೇಲಿಂದ ಕೆಳಗೆ ಓದಿದೆ. ಕೋಕಂ ಅನ್ನೋ ಪದ ಎಲ್ಲೂ ಇರಲಿಲ್ಲ. ಮುರುಗಲು ಅನ್ನೋ ಪದವೂ ಇದ್ದದ್ದು ಒಂದು ಫೋಟೋದ ಮೇಲೆ, ಡಿಸೈನ್ ಅಕ್ಷರದಲ್ಲಿ. ಗೂಗಲ್ ಪಾಪ ಏನಂತ ತಿಳಿದುಕೊಳ್ಳಬೇಕು? ‘ಮಡಿಲು’, ‘ಮಾಣಿಕ್ಯ’ ಅಂತ ಇರುವ ಪುಟ. ಕವನವೋ, ಒಡವೆ ಅಂಗಡಿಯೋ!

ಈ ವಾರದ ವಿಷಯ ಅದೇ. ತೋಟದ ಉತ್ಪನ್ನ ನೇರ ಮಾರುವವರು ತಮ್ಮ ಪುಟದ ತಲೆಬರಹ ಹೇಗೆ ಬರೆಯಬೇಕು ಅನ್ನೋದು.

ತಲೆಬರಹಕ್ಕೆ ಯಾಕಿಷ್ಟು ಮಹತ್ವ?

ಗೂಗಲ್ ಕೆಲಸ ಮಾಡುವ ರೀತಿ ಸರಳವಾಗಿ ಹೇಳುವುದಾದರೆ ಹೀಗೆ. ಅದರ ಯಂತ್ರ ಲಿಂಕಿನಿಂದ ಲಿಂಕಿಗೆ ಹೋಗುತ್ತಾ ಪುಟಗಳನ್ನು ಓದುತ್ತದೆ, ಓದಿದ್ದನ್ನು ದೊಡ್ಡ ಸೂಚಿಯಲ್ಲಿ ಸೇರಿಸಿಡುತ್ತದೆ, ಯಾರಾದರೂ ಏನಾದರೂ ಕೇಳಿದಾಗ ಆ ಸೂಚಿಯಿಂದ ಹೊಂದುವ ಪುಟಗಳನ್ನು ಎತ್ತಿ ತೋರಿಸುತ್ತದೆ. ಪುಟ ಯಾವುದರ ಬಗ್ಗೆ ಅಂತ ಅಂದಾಜು ಮಾಡಲು ಅದಕ್ಕೆ ಸಿಗುವ ಗುರುತುಗಳಲ್ಲಿ ತಲೆಬರಹ ಮುಖ್ಯವಾದದ್ದು. ಗೊಬ್ಬರದ ಚೀಲದ ಮೇಲೆ ಬರೆದಿರುತ್ತಲ್ಲ, ಹಾಗೆ. ಒಳಗೆ ಒಳ್ಳೆ ಬೇವಿನಹಿಂಡಿಯೇ ಇರಬಹುದು, ಹೊರಗೆ ‘ಭೂತಾಯಿಯ ಅಮೃತ’ ಅಂತಷ್ಟೇ ಇದ್ದರೆ ಬೇವಿನಹಿಂಡಿ ಹುಡುಕಿ ಬಂದವನು ಮುಂದೆ ಹೋಗುತ್ತಾನೆ.

ತಲೆಬರಹ ಅಂದಾಗ ಎರಡು ಬೇರೆ ಬೇರೆ ಸಂಗತಿ ಇವೆ, ಇದನ್ನು ಬಹಳ ಜನ ಕಲಸಿಕೊಳ್ಳುತ್ತಾರೆ. ಒಂದು, ಪುಟದ ಟೈಟಲ್. ಇದು ಗೂಗಲ್ ಫಲಿತಾಂಶದಲ್ಲಿ ನೀಲಿ ಅಕ್ಷರದಲ್ಲಿ ಕಾಣುವ ಸಾಲು. ಇನ್ನೊಂದು, ಪುಟ ತೆರೆದಾಗ ಒಳಗೆ ಕಾಣುವ ಹೆಡಿಂಗ್‌ಗಳು. ಇವಕ್ಕೆ ಎಚ್1, ಎಚ್2, ಎಚ್3 ಅಂತ ಅಂತಸ್ತು ಇದೆ. ಎಚ್1 ಪುಟದ ಹೆಸರು, ಎಚ್2 ಒಳಗಿನ ವಿಭಾಗಗಳು, ಎಚ್3 ಅದರೊಳಗಿನ ಕವಲು. ನೀವು ಕೊಟ್ಟ ಟೈಟಲ್ ಸರಿಯಿಲ್ಲ ಅನ್ನಿಸಿದರೆ ಗೂಗಲ್ ತಾನೇ ಬೇರೆ ಸಾಲು ತೋರಿಸುತ್ತದೆ. ಹಾಗೆ ಮಾಡುವಾಗ 2021ರ ಆಗಸ್ಟ್‌ನಿಂದ ಅದು ಪುಟದ ಒಳಗಿನ ಮುಖ್ಯ ಹೆಡಿಂಗನ್ನು ಹೆಚ್ಚು ಬಳಸುತ್ತಿದೆ. ಅಂದರೆ ಹೆಡಿಂಗ್ ಹಾಳಾದರೆ ಎರಡೂ ಕಡೆ ಏಟು.

ಎಚ್1 ಒಂದೇ ಇರಬೇಕು, ಎರಡಿದ್ದರೆ ದಂಡ, ಎಚ್2 ಆದ ಮೇಲೆಯೇ ಎಚ್3 ಬರಬೇಕು ಅಂತೆಲ್ಲ ಯೂಟ್ಯೂಬ್‌ನಲ್ಲಿ ಹೆದರಿಸುವವರಿದ್ದಾರೆ. ಹುಡುಕಾಟದ ಮಟ್ಟಿಗೆ ಅಂಥ ಕಟ್ಟುಪಾಡು ಇಲ್ಲ ಅಂತ ಗೂಗಲ್ ಕಡೆಯವರೇ ಹೇಳಿದ್ದಾರೆ. ಓದುವವರಿಗೆ ಅನುಕೂಲ ಅಂತ ಕ್ರಮವಾಗಿ ಬರೆಯಿರಿ, ಅಷ್ಟು ಸಾಕು.

ಗಿರಾಕಿಯ ಬಾಯಲ್ಲಿ ನಿಮ್ಮ ಬೆಳೆಯ ಹೆಸರೇನು?

ಕೀವರ್ಡ್ ಅಂದರೆ ದೊಡ್ಡ ವಿದ್ಯೆ ಏನಲ್ಲ. ಹುಡುಕುವವರು ಫೋನಿನಲ್ಲಿ ಹಾಕುವ ಪದ, ಅಷ್ಟೇ. ಕಷ್ಟ ಇರುವುದು ಎಲ್ಲಿ ಅಂದರೆ, ಆ ಪದ ನಮ್ಮದಲ್ಲ, ಅವರದ್ದು. ನಾವು ಹುಟ್ಟಿದಾಗಿನಿಂದ ಒಂದು ಹೆಸರಿನಲ್ಲಿ ಕರೆದ ವಸ್ತುವನ್ನು ನೂರು ಕಿಲೋಮೀಟರ್ ಆಚೆ ಇನ್ನೊಂದು ಹೆಸರಿನಲ್ಲಿ ಕರೆಯುತ್ತಾರೆ.

ಮುರುಗಲನ್ನೇ ತಗೊಳ್ಳಿ. ಉತ್ತರ ಕನ್ನಡದಲ್ಲಿ ಮುರುಗಲು. ಮಂಗಳೂರು, ಪುತ್ತೂರು ಕಡೆ ಹೋದರೆ ಪುನರ್ಪುಳಿ. ಗೋವಾ, ಮಹಾರಾಷ್ಟ್ರದವರಿಗೆ ಕೋಕಂ. ಅದರಲ್ಲೂ ಒಣಗಿಸಿದ ಸಿಪ್ಪೆಗೆ ಮರಾಠಿಯಲ್ಲಿ ಆಮ್ಸುಲ್ ಅನ್ನುವ ಬೇರೆ ಹೆಸರೇ ಇದೆ. ಕೊಂಕಣಿ ಮನೆಗಳಲ್ಲಿ ಬಿರಿಂಡ. ಬೆಂಗಳೂರಿನ ಅಂಗಡಿಯಲ್ಲಿ ಶೀಶೆಯ ಮೇಲೆ ಇರುವುದು ಕೋಕಂ. ನಾವು ತೋಟಗಾರಿಕೆ ಕಾಲೇಜಿನಲ್ಲಿ ಓದಿದ್ದು ಗಾರ್ಸಿನಿಯಾ ಇಂಡಿಕಾ. ಒಂದೇ ಮರ, ಆರು ಹೆಸರು. ಇವುಗಳಲ್ಲಿ ದುಡ್ಡು ಕೊಟ್ಟು ಕೊಳ್ಳುವವರು ಯಾವುದನ್ನು ಬಳಸುತ್ತಾರೆ ಅನ್ನೋದೇ ಪ್ರಶ್ನೆ.

ಗೂಗಲ್ ಈಗ ಪದಕ್ಕೆ ಪದ ಹೋಲಿಸುವ ಕಾಲದಲ್ಲಿಲ್ಲ ಅನ್ನೋದು ನಿಜ. 2019ರ ಕೊನೆಯಲ್ಲಿ ಬರ್ಟ್ ಅನ್ನುವ ಭಾಷೆ ಅರ್ಥಮಾಡಿಕೊಳ್ಳುವ ವ್ಯವಸ್ಥೆಯನ್ನು ಕನ್ನಡವೂ ಸೇರಿ 70ಕ್ಕೂ ಹೆಚ್ಚು ಭಾಷೆಗಳ ಹುಡುಕಾಟಕ್ಕೆ ತಂದಿದ್ದಾರೆ. ಸಮಾನಾರ್ಥಕ ಪದಗಳನ್ನು ಗುರುತಿಸುತ್ತದೆ. ಆದರೆ ನಮ್ಮ ತಾಲ್ಲೂಕಿನಲ್ಲಿ ಮಾತ್ರ ಓಡುವ ಹೆಸರುಗಳನ್ನೂ ಅದು ಹೊಂದಿಸಿಕೊಳ್ಳುತ್ತದೆ ಅಂತ ನಂಬಿ ಕೂರಬೇಡಿ. ಮುಖ್ಯ ಹೆಸರುಗಳನ್ನು ನೀವೇ ಬರೆದುಬಿಡುವುದು ಒಳ್ಳೆಯದು.

ಗಿರಾಕಿಯ ಪದ ಕಂಡುಹಿಡಿಯಲು ನಾನು ಮೊದಲು ಮಾಡಿದ್ದು ಫೋನಿನ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದು. ಹೊರಊರಿನಿಂದ ಯಾರು ಏನು ಕೇಳಿ ಫೋನ್ ಮಾಡಿದರೂ ಅವರ ಬಾಯಿಂದ ಬಂದ ಪದವನ್ನೇ ಬರೆದೆ. ‘ಕೋಕಂ ಡ್ರೈ ಇದೆಯಾ’, ‘ಪುನರ್ಪುಳಿ ಜ್ಯೂಸಿಗೆ ಹಾಕುವುದು’, ‘ಕಾಲು ಒಡಕಿಗೆ ಹಚ್ಚುವ ತುಪ್ಪ’. ಕೊನೆಯದ್ದು ನಾವು ಮುರುಗಲು ತುಪ್ಪ ಅನ್ನೋದು, ಬೀಜದಿಂದ ತೆಗೆಯುವ ಕೊಬ್ಬು. ಪೇಟೆಯವರು ಕೇಳುವುದು ಕೋಕಂ ಬಟರ್ ಅಂತ. ಈ ನೋಟ್‌ಬುಕ್ ಮುಂದೆ ಯಾವ ಆಪ್ ಕೂಡ ಇಲ್ಲ ಅಂತ ಈಗಲೂ ನನ್ನ ಅಭಿಪ್ರಾಯ.

ಎರಡನೆಯದು, ಗೂಗಲ್‌ನಲ್ಲಿ ಅರ್ಧ ಪದ ಹಾಕಿ ನಿಲ್ಲಿಸುವುದು. ‘ಪುನರ್ಪುಳಿ’ ಅಂತ ಹಾಕಿ ಒಂದು ಜಾಗ ಬಿಡಿ. ಕೆಳಗೆ ಸಲಹೆಗಳ ಪಟ್ಟಿ ಬರುತ್ತದೆ. ಅದು ಜನ ನಿಜವಾಗಿ ಹುಡುಕಿದ್ದರಿಂದ ಬರುವ ಪಟ್ಟಿ. ಕನ್ನಡ ಅಕ್ಷರದಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಪದ ಬರೆದು ಒಮ್ಮೆ, ಇಂಗ್ಲಿಷ್ ಪದದಲ್ಲೇ ಒಮ್ಮೆ ನೋಡಿ, ಮೂರೂ ಬೇರೆ ಬೇರೆ ಬರುತ್ತದೆ. ನಿಮ್ಮ ಹಳೆಯ ಹುಡುಕಾಟ ಸೇರಿಕೊಳ್ಳದಂತೆ ಇನ್‌ಕಾಗ್ನಿಟೋ ಕಿಟಕಿಯಲ್ಲಿ ಮಾಡಿ. ಗೂಗಲ್ ಟ್ರೆಂಡ್ಸ್‌ನಲ್ಲಿ ಎರಡು ಹೆಸರನ್ನು ಪಕ್ಕಪಕ್ಕ ಇಟ್ಟು ಯಾವುದು ಹೆಚ್ಚು ಅಂತಲೂ ನೋಡಬಹುದು. ತೀರಾ ಅಪರೂಪದ ಪದಕ್ಕೆ ಅದು ಏನೂ ತೋರಿಸದಿದ್ದರೆ ಬೇಜಾರು ಮಾಡ್ಕೋಬೇಡಿ.

ಇದು ಮುರುಗಲಿನ ಕಥೆ ಮಾತ್ರ ಅಲ್ಲ. ಮಲೆನಾಡಿನಲ್ಲಿ ಜೋನಿ ಬೆಲ್ಲ ಅಂದರೆ ಎಲ್ಲರಿಗೂ ಗೊತ್ತು, ಪೇಟೆಯಲ್ಲಿ ಲಿಕ್ವಿಡ್ ಜಾಗರಿ ಅಂತ ಕೇಳುತ್ತಾರೆ. ನವಣೆ ಬೆಳೆಯುವವರ ಗಿರಾಕಿ ಫಾಕ್ಸ್‌ಟೇಲ್ ಮಿಲೆಟ್ ಹುಡುಕುತ್ತಿರಬಹುದು. ಬ್ಯಾಡಗಿ ಅಂತ ಕೆಲವರು, ಬ್ಯಾಡ್ಗಿ ಅಂತ ಕೆಲವರು. ಜೇನಿನಲ್ಲಂತೂ ತುಡುವೆ, ಹೆಜ್ಜೇನು, ಮುಜಂಟಿ ಅಂತ ಹೆಸರೂ ಬೇರೆ, ವಸ್ತುವೂ ಬೇರೆ, ರೇಟೂ ಬೇರೆ. ಅಲ್ಲಿ ಬರೀ ‘ಶುದ್ಧ ಜೇನುತುಪ್ಪ’ ಅಂತ ತಲೆಬರಹ ಕೊಟ್ಟರೆ ನಿಮ್ಮ ಕೈಯಲ್ಲಿರುವ ವಿಶೇಷವನ್ನು ನೀವೇ ಮುಚ್ಚಿಟ್ಟ ಹಾಗೆ. ‘ಜೇನುತುಪ್ಪ’ ಅನ್ನೋ ಒಂದೇ ಪದಕ್ಕೆ ದೊಡ್ಡ ಕಂಪನಿಗಳ ಜೊತೆ ಗುದ್ದಾಡಬೇಕು. ‘ಮುಜಂಟಿ ಜೇನು’ ಅಂತ ಹುಡುಕುವವರು ಕಡಿಮೆ, ಆದರೆ ಹುಡುಕುವವರು ಕೊಳ್ಳಲೆಂದೇ ಬಂದವರು.

ಕೇಳುವವರು ಯಾರು ಅಂತ ನೋಡಿಕೊಳ್ಳಿ

‘ಕೋಕಂ ಸಿಪ್ಪೆ ಬೆಲೆ’ ಅಂತ ಹುಡುಕುವವರು ಕೊಳ್ಳುವವರು. ‘ಪುನರ್ಪುಳಿ ಶರಬತ್ತು ಮಾಡುವ ವಿಧಾನ’ ಅಂತ ಹುಡುಕುವವರಿಗೆ ಅಡುಗೆ ಬೇಕು. ‘ಮುರುಗಲು ಗಿಡ’ ಅಂತ ಹುಡುಕುವವರು ನಮ್ಮ ಹಾಗೇ ಬೆಳೆಗಾರರು, ಅವರಿಗೆ ಕಸಿ ಸಸಿ ಬೇಕು. ಮೂವರನ್ನೂ ಒಂದೇ ಪುಟಕ್ಕೆ ಎಳೆಯಲು ಹೋದರೆ ಮೂವರಿಗೂ ಸಮಾಧಾನ ಆಗುವುದಿಲ್ಲ. ಮೂರು ಪುಟ ಮಾಡಿ, ಒಂದೊಂದಕ್ಕೆ ಅದರದ್ದೇ ತಲೆಬರಹ ಕೊಡಿ, ಒಂದರಿಂದ ಇನ್ನೊಂದಕ್ಕೆ ಲಿಂಕ್ ಹಾಕಿ. ನನಗೆ ಶರಬತ್ತಿನ ಪುಟದಿಂದ ಬಂದು ಸಿಪ್ಪೆ ಕೊಂಡವರು ಬಹಳ ಇದ್ದಾರೆ.

ಈಗ ನನ್ನ ಮಾರಾಟ ಪುಟದ ಮುಖ್ಯ ಹೆಡಿಂಗ್ ಹೀಗಿದೆ: ‘ಕೋಕಂ ಸಿಪ್ಪೆ (ಪುನರ್ಪುಳಿ, ಮುರುಗಲು): ಶಿರಸಿ ತೋಟದಿಂದ ನೇರ ಮಾರಾಟ’. ಚೆಂದ ಅಂತ ನಾನೇನೂ ಹೇಳುವುದಿಲ್ಲ. ಆದರೆ ಏನು, ಎಲ್ಲಿಂದ, ಯಾರಿಂದ ಎಲ್ಲಾ ಒಂದೇ ಸಾಲಿನಲ್ಲಿದೆ. ಹೆಚ್ಚು ಜನ ಬಳಸುವ ಪದ ಮೊದಲಿದೆ, ಯಾಕಂದರೆ ಫೋನಿನ ಪರದೆ ಚಿಕ್ಕದು, ಕನ್ನಡ ಅಕ್ಷರ ಅಗಲ, ಉದ್ದದ ಸಾಲಿನ ಬಾಲವನ್ನು ಗೂಗಲ್ ಕತ್ತರಿಸಿ ಮೂರು ಚುಕ್ಕೆ ಇಡುತ್ತದೆ. ‘ಪ್ರಕೃತಿಯ ಮಡಿಲಿಂದ’ ಅನ್ನೋ ಸಾಲನ್ನು ತೆಗೆದಿಲ್ಲ, ಹೆಡಿಂಗಿನ ಕೆಳಗೆ ಸಣ್ಣದಾಗಿ ಇಟ್ಟಿದ್ದೇನೆ. ನಮ್ಮನೆಯವರಿಗೆ ಅದು ಇಷ್ಟ.

ಒಳಗಿನ ಎಚ್2ಗಳನ್ನು ಜನ ಕೇಳುವ ಪ್ರಶ್ನೆಗಳನ್ನೇ ಇಟ್ಟು ಬರೆದೆ. ‘ಕೋಕಂ ಸಿಪ್ಪೆಗೆ ಉಪ್ಪು ಹಾಕಿದ್ದೀರಾ?’ ಅಂತ ಎಷ್ಟು ಜನ ಕೇಳುತ್ತಿದ್ದರು ಅಂದರೆ, ಅದೇ ಒಂದು ಹೆಡಿಂಗ್ ಆಯಿತು. ‘ಎಷ್ಟು ದಿನ ಇಡಬಹುದು?’, ‘ಸಾರಿಗೆ ಎಷ್ಟು ಹಾಕಬೇಕು?’, ‘ಕೊರಿಯರ್‌ನಲ್ಲಿ ಕಳಿಸುತ್ತೀರಾ?’ ಹೀಗೆ. ಪ್ರತಿ ಹೆಡಿಂಗಿನ ಕೆಳಗೆ ಮೊದಲ ಸಾಲಿನಲ್ಲೇ ನೇರ ಉತ್ತರ. ಎಲ್ಲದರಲ್ಲೂ ಕೋಕಂ ಅಂತ ಬರಲೇಬೇಕು ಅಂತಿಲ್ಲ.

ಇಂಗ್ಲಿಷ್‌ನಲ್ಲಿ ಹುಡುಕುವವರಿಗೆ ಕನ್ನಡ ಪುಟದೊಳಗೇ ಇಂಗ್ಲಿಷ್ ತುರುಕುವ ಬದಲು ಬೇರೆ ಇಂಗ್ಲಿಷ್ ಪುಟ ಮಾಡುವುದು ಸರಿ. ಒಂದು ಪುಟ ಒಂದು ಭಾಷೆ ಇದ್ದರೆ ಗೂಗಲ್‌ಗೂ ಗೊಂದಲ ಇಲ್ಲ, ಓದುವವರಿಗೂ ಇಲ್ಲ.

ದಪ್ಪ ಅಕ್ಷರ ಹೆಡಿಂಗ್ ಅಲ್ಲ

ಇಲ್ಲಿ ನಾನು ಎಡವಿದ್ದೇನೆ, ನೀವೂ ಎಡವಿರುತ್ತೀರಿ. ಸಾಲನ್ನು ಆಯ್ದು ದಪ್ಪ ಮಾಡಿ, ಗಾತ್ರ ಹೆಚ್ಚಿಸಿದರೆ ಕಣ್ಣಿಗೆ ಹೆಡಿಂಗ್ ಥರ ಕಾಣುತ್ತದೆ. ಆದರೆ ಪುಟದ ಒಳಗಿನ ಕೋಡ್‌ನಲ್ಲಿ ಅದು ಮಾಮೂಲಿ ಸಾಲು. ವರ್ಡ್‌ಪ್ರೆಸ್‌ನಲ್ಲಿ ಹೆಡಿಂಗ್ ಬ್ಲಾಕ್ ಅಂತ ಇದೆ, ಅದನ್ನು ಹಾಕಿ ಎಚ್2 ಅಥವಾ ಎಚ್3 ಆರಿಸಬೇಕು; ಪುಟದ ಮೇಲಿನ ಹೆಸರು ಸಾಮಾನ್ಯವಾಗಿ ತಾನಾಗಿಯೇ ಎಚ್1 ಆಗುತ್ತದೆ. ಬ್ಲಾಗರ್ ಮತ್ತು ಗೂಗಲ್ ಸೈಟ್ಸ್‌ನಲ್ಲಿ ‘ನಾರ್ಮಲ್’ ಅಂತ ಇರುವ ಪಟ್ಟಿಯನ್ನು ಒತ್ತಿದರೆ ಹೆಡಿಂಗ್, ಸಬ್‌ಹೆಡಿಂಗ್ ಸಿಗುತ್ತದೆ.

ಫೋಟೋದ ಮೇಲೆ ಬರೆದ ಅಕ್ಷರವನ್ನು ಹೆಡಿಂಗ್ ಅಂತ ನಂಬಬೇಡಿ. ನಾವು ವಾಟ್ಸಾಪ್‌ಗೆ ಅಂತ ಮಾಡಿದ ಪೋಸ್ಟರನ್ನೇ ತಂದು ಸೈಟಿನ ತಲೆಯ ಮೇಲೆ ಕೂರಿಸುತ್ತೇವೆ. ಕೆಳಗೆ ಒಂದು ಸಾಲು ಪಠ್ಯವೂ ಇರುವುದಿಲ್ಲ. ಪೋಸ್ಟರ್ ಇರಲಿ, ಅದರ ಮೇಲೆ ಅಕ್ಷರದ ಹೆಡಿಂಗ್ ಬೇರೆಯಾಗಿ ಇರಲಿ.

ಇನ್ನೊಂದು ಕನ್ನಡಕ್ಕೇ ವಿಶೇಷವಾದ ತೊಂದರೆ ಇದೆ. ಡಿಟಿಪಿ ಅಂಗಡಿಯಲ್ಲಿ ಕರಪತ್ರ ಮಾಡಿಸಿ, ಅದೇ ಫೈಲಿನಿಂದ ಪಠ್ಯ ನಕಲು ಮಾಡಿ ಸೈಟಿಗೆ ಹಾಕಿದರೆ ಕೆಲವೊಮ್ಮೆ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರ ಬರುತ್ತದೆ. ಅದು ನುಡಿ ಅಥವಾ ಬರಹದ ಹಳೆಯ ಫಾಂಟ್ ವಿಧಾನದಲ್ಲಿ ಟೈಪ್ ಮಾಡಿದ್ದು. ಆ ಫಾಂಟ್ ಹಾಕಿದಾಗ ಕನ್ನಡದಂತೆ ಕಂಡರೂ ಒಳಗೆ ಇರುವುದು ಕನ್ನಡ ಅಲ್ಲ, ಗೂಗಲ್‌ಗೆ ಅದು ಕಸ. ಯೂನಿಕೋಡ್‌ಗೆ ಬದಲಿಸಿಯೇ ಹಾಕಬೇಕು. ಫೋನಿನ ಕೀಬೋರ್ಡ್‌ನಲ್ಲಿ ಟೈಪ್ ಮಾಡಿದ್ದೆಲ್ಲಾ ಯೂನಿಕೋಡೇ, ಅದರ ಚಿಂತೆ ಇಲ್ಲ.

ತುರುಕಿದರೆ ಕೆಡುತ್ತದೆ

ಇಷ್ಟು ಗೊತ್ತಾದ ಮೇಲೆ ನನಗೂ ಆಸೆ ಹುಟ್ಟಿತು. ‘ಕೋಕಂ, ಕೋಕಂ ಸಿಪ್ಪೆ, ಕೋಕಂ ಬೆಲೆ, ಕೋಕಂ ಬೆಂಗಳೂರು, ಕೋಕಂ ಮೈಸೂರು, ಕೋಕಂ ಹುಬ್ಬಳ್ಳಿ’ ಅಂತ ಬರೆದುನೋಡಿದೆ. ಓದಿದರೆ ಬಸ್ ಸ್ಟ್ಯಾಂಡ್ ಕಂಡಕ್ಟರ್ ಕೂಗಿದ ಹಾಗಿತ್ತು. ಗೂಗಲ್‌ನ ಸ್ಪ್ಯಾಮ್ ನೀತಿಯಲ್ಲಿ ಇದಕ್ಕೆ ಕೀವರ್ಡ್ ಸ್ಟಫಿಂಗ್ ಅಂತ ಹೆಸರಿದೆ, ಊರುಗಳ ಹೆಸರನ್ನು ಸಾಲಾಗಿ ಪೇರಿಸುವುದನ್ನು ಉದಾಹರಣೆಯಾಗಿಯೇ ಕೊಟ್ಟಿದ್ದಾರೆ. ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರದಲ್ಲಿ ಪದ ಅಡಗಿಸುವುದೂ ಅಷ್ಟೇ. ಇಂಥ ಪುಟ ಹಿಂದಕ್ಕೆ ಹೋಗಬಹುದು, ಪೂರ್ತಿ ಕಾಣದೆಯೂ ಹೋಗಬಹುದು. ಹೆಡಿಂಗನ್ನು ಗಟ್ಟಿಯಾಗಿ ಓದಿ. ಗಿರಾಕಿಯ ಎದುರು ನಿಂತು ಹಾಗೆ ಮಾತಾಡಲು ನಾಚಿಕೆ ಆದರೆ ಬರೆಯಲೂ ಬೇಡಿ.

‘ಮೆಟಾ ಕೀವರ್ಡ್’ ಅನ್ನೋ ಖಾನೆ ತುಂಬಿಸಿಕೊಡುತ್ತೇವೆ ಅಂತ ದುಡ್ಡು ಕೇಳುವವರೂ ಸಿಗುತ್ತಾರೆ. ಆ ಖಾನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿಯಾಗಿದೆ. ಇನ್ನು ‘ಮೊದಲ ಪುಟ ಗ್ಯಾರಂಟಿ’ ಅನ್ನುವವರು. ಒಬ್ಬರಿಗೆ ನಾನೂ ಮುಂಗಡ ಕೊಟ್ಟೆ. ಎರಡು ತಿಂಗಳು ಫೋನ್ ಎತ್ತಿದರು, ಆಮೇಲೆ ಎತ್ತಲಿಲ್ಲ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾಗದು ಅಂತ ಗೂಗಲ್ ತನ್ನ ಪುಟದಲ್ಲೇ ಬರೆದಿರುವುದನ್ನು ನಾನು ಓದಿದ್ದು ದುಡ್ಡು ಹೋದ ಮೇಲೆ.

‘ಸಾವಯವ’ ಮತ್ತು ‘ಶುಗರ್’: ಈ ಎರಡು ಪದಗಳ ಬಗ್ಗೆ ಎಚ್ಚರ

ಕೆಲವು ಪದಗಳಿಗೆ ಹುಡುಕಾಟ ಹೆಚ್ಚು ಅಂತ ಹೆಡಿಂಗಿಗೆ ಎಳೆದು ತರುವ ಹಾಗಿಲ್ಲ, ಕಾನೂನು ಇದೆ. ‘ಸಾವಯವ’ ಅಂತ ಮಾರಲು ಎನ್‌ಪಿಒಪಿ ಅಥವಾ ಪಿಜಿಎಸ್ ಇಂಡಿಯಾ ಪ್ರಮಾಣಪತ್ರ ಬೇಕು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ನಿಯಮ ಹೇಳುತ್ತದೆ. ವರ್ಷಕ್ಕೆ 12 ಲಕ್ಷ ರೂಪಾಯಿ ಮೀರದ ವಹಿವಾಟಿನ ಸಣ್ಣ ಬೆಳೆಗಾರ ತಾನೇ ಬೆಳೆದದ್ದನ್ನು ಬಳಕೆದಾರರಿಗೆ ನೇರವಾಗಿ ಮಾರಿದರೆ ಅದರಿಂದ ವಿನಾಯಿತಿ ಇದೆ, ಆದರೆ ಜೈವಿಕ್ ಭಾರತ್ ಲಾಂಛನ ಹಾಕುವಂತಿಲ್ಲ. ಅಂಗಡಿಗೆ ಕೊಡುವಾಗ ಈ ವಿನಾಯಿತಿ ನಡೆಯುವುದಿಲ್ಲ. ಪಕ್ಕದ ಮನೆಯಿಂದ ಕೊಂಡದ್ದನ್ನು ಸೇರಿಸಿ ‘ನಮ್ಮ ಸಾವಯವ ತೋಟದ್ದು’ ಅಂತ ಹೆಡಿಂಗ್ ಹಾಕುವುದಂತೂ ಶುದ್ಧ ಮೋಸ.

ಕೋಕಂ ಮಾರುವವರಿಗೆ ಇನ್ನೊಂದು ಆಮಿಷ ಇದೆ: ‘ಬೊಜ್ಜು ಕರಗಿಸುವ ಕೋಕಂ’, ‘ಶುಗರ್ ವಾಸಿ’. ಹುಡುಕುವವರು ಸಾವಿರಾರು ಜನ, ನನಗೆ ಗೊತ್ತು. ಆದರೆ ಆಹಾರ ಪದಾರ್ಥ ರೋಗ ತಡೆಯುತ್ತದೆ, ವಾಸಿ ಮಾಡುತ್ತದೆ ಅಂತ ಜಾಹೀರಾತು ಮಾಡುವುದನ್ನು 2018ರ ನಿಯಮ ನಿಷೇಧಿಸುತ್ತದೆ. ನಿಯಮ ಬಿಡಿ, ನಿಮ್ಮ ಹೆಡಿಂಗ್ ನಂಬಿ ಯಾರೋ ಮಾತ್ರೆ ನಿಲ್ಲಿಸಿದರೆ? ನನಗೆ ಒಬ್ಬರು ಫೋನ್ ಮಾಡಿ, ‘ತಾಯಿಗೆ ಶುಗರ್ ಇದೆ, ಇದು ಕುಡಿದರೆ ಇನ್ಸುಲಿನ್ ಬಿಡಬಹುದಾ’ ಅಂತ ಕೇಳಿದ್ದರು. ನನ್ನ ಪುಟದಲ್ಲಿ ಹಾಗೇನೂ ಇರಲಿಲ್ಲ, ಬೇರೆಲ್ಲೋ ಓದಿದ್ದರು. ಬಿಡಬೇಡಿ, ಡಾಕ್ಟರನ್ನು ಕೇಳಿ ಅಂತ ಹೇಳಿದೆ. ಮಾರಾಟದ ಶರಬತ್ತಿನಲ್ಲಿ ಸಕ್ಕರೆ ಎಷ್ಟಿರುತ್ತದೆ ಅಂತ ಕೇಳಿ ಅವರಿಗೆ ಗಾಬರಿ ಆಯಿತು. ಆವತ್ತಿನಿಂದ ಶರಬತ್ತಿನ ಪುಟದಲ್ಲಿ ‘ಇದರಲ್ಲಿ ಸಕ್ಕರೆ ಇದೆಯೇ?’ ಅಂತ ಒಂದು ಎಚ್2 ಸೇರಿಸಿದ್ದೇನೆ.

ಬರೆದಾದ ಮೇಲೆ ಎಷ್ಟು ದಿನ ಕಾಯಬೇಕು?

ಹೆಡಿಂಗ್ ಬದಲಿಸಿದ ಮರುದಿನವೇ ಫೋನ್ ಹೊಡೆದುಕೊಳ್ಳುವುದಿಲ್ಲ. ಬದಲಾವಣೆಯ ಪರಿಣಾಮ ಕಾಣಲು ಕೆಲವು ಗಂಟೆಗಳಿಂದ ಹಿಡಿದು ತಿಂಗಳುಗಳೇ ಬೇಕಾಗಬಹುದು. ಹಾಗಾಗಿ ಸುಗ್ಗಿಗೆ ಮೊದಲೇ ಪುಟ ತಯಾರಿರಬೇಕು. ಮುರುಗಲಿಗೆ ನಾನು ಜನವರಿಯಲ್ಲೇ ಪುಟ ತಿದ್ದುತ್ತೇನೆ. ಸೆಕೆ ಶುರುವಾಗಿ ಜನ ಶರಬತ್ತು ಹುಡುಕುವ ಹೊತ್ತಿಗೆ ಗೂಗಲ್ ಓದಿ ಮುಗಿಸಿರುತ್ತದೆ. ವರ್ಷ ವರ್ಷ ಹೊಸ ಪುಟ ಮಾಡುವುದಿಲ್ಲ. ಅದೇ ಪುಟ, ಅದೇ ವಿಳಾಸ, ರೇಟು ಮತ್ತು ಫೋಟೋ ಮಾತ್ರ ಹೊಸದು.

ಗೂಗಲ್ ಸರ್ಚ್ ಕನ್ಸೋಲ್ ಅನ್ನೋದು ಉಚಿತ, ಸೈಟ್ ನಿಮ್ಮದು ಅಂತ ಒಮ್ಮೆ ದೃಢಪಡಿಸಿದರೆ ಸಾಕು. ಅದರಲ್ಲಿ ಯಾವ ಪದ ಹುಡುಕಿದವರಿಗೆ ನಿಮ್ಮ ಪುಟ ಕಂಡಿತು, ಎಷ್ಟು ಜನ ಒತ್ತಿದರು, ಸರಾಸರಿ ಎಷ್ಟನೇ ಸ್ಥಾನ ಅಂತ ಬರುತ್ತದೆ. ಹಿಂದಿನ 16 ತಿಂಗಳ ಲೆಕ್ಕ ನೋಡಬಹುದು. ಬಹಳ ಜನರಿಗೆ ಕಂಡೂ ಯಾರೂ ಒತ್ತದ ಪದ ಇದ್ದರೆ ಹೆಡಿಂಗಿನ ಮಾತು ಸರಿಯಿಲ್ಲ ಅಥವಾ ಪುಟ ತುಂಬಾ ಕೆಳಗಿದೆ ಅಂತ ಅರ್ಥ. ನಾನು ಬರೆಯದೇ ಇದ್ದ ಪದಕ್ಕೂ ಪುಟ ಕಂಡಿದ್ದರೆ ಅದನ್ನು ನೋಟ್‌ಬುಕ್ಕಿಗೆ ಸೇರಿಸುತ್ತೇನೆ. ಕಳೆದ ಮಳೆಗಾಲದಲ್ಲಿ ಹೀಗೇ ‘ಬಿಳಿ ಮುರುಗಲು’ ಅನ್ನೋ ಪದ ಸಿಕ್ಕಿತು. ನಮ್ಮ ಕೆಳಗಿನ ತೋಟದಲ್ಲಿ ಬಿಳಿ ಹಣ್ಣಿನ ಒಂದು ಮರ ಇದೆ, ಅದನ್ನೂ ಯಾರಾದರೂ ಹುಡುಕುತ್ತಾರೆ ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ. ಈ ಜನವರಿಗೆ ಅದಕ್ಕೊಂದು ಪುಟ ಬರೆಯಬೇಕು.